ಐದು ಪಾಲಿಕೆಗಳು, ಒಂದೇ ಮನೆ: ದತ್ತಾಂಶದ ಅಡಿಪಾಯ ಯಾರ ಹೊಣೆ?

ಬೆಂಗಳೂರು ಮಹಾನಗರದ ಆಡಳಿತವು 2025ರ ಸೆಪ್ಟೆಂಬರ್ 2ರಂದು ಐದು ಪಾಲಿಕೆಗಳಾಗಿ ವಿಂಗಡಣೆಗೊಂಡಿತು. ಬಿಬಿಎಂಪಿಯ ಸ್ಥಾನದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಇವೆಲ್ಲದರ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಗಡಿ, ವಾರ್ಡು, ಸಿಬ್ಬಂದಿ ಹಂಚಿಕೆಗಳ ಬಗ್ಗೆ ಬೇಕಾದಷ್ಟು ವಾದವಿವಾದ ನಡೆದಿದೆ. ಚರ್ಚೆಗೆ ಅಷ್ಟಾಗಿ ಬಾರದಿರುವುದು ಹಳೆಯ ಪಾಲಿಕೆಯ ಕಣ್ಣಿಗೆ ಕಾಣದ ಆಸ್ತಿ, ಅಂದರೆ ದಶಕಗಳ ಕಾಲ ಕೂಡಿಬಂದ ಸ್ವತ್ತು, ತೆರಿಗೆ ಮತ್ತು ಲೆಕ್ಕಪತ್ರಗಳ ದತ್ತಾಂಶ. ಪೀಠೋಪಕರಣವನ್ನು ಐದು ಪಾಲು ಮಾಡಬಹುದು. ದತ್ತಾಂಶವನ್ನು ಹಾಗೆ ಪಾಲು ಮಾಡಿದರೆ ಉಳಿಯುವುದು ಐದು ಅರೆಬರೆ ಕಡತಗಳು ಮಾತ್ರ.

ಇದು ಕೇವಲ ತಂತ್ರಜ್ಞರ ತಲೆನೋವೆಂದು ಭಾವಿಸುವವರು ತ್ಯಾಗರಾಜನಗರದ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಸವನಗುಡಿ ಹಾಗೂ ಬನಶಂಕರಿಗಳ ನಡುವಿನ ಈ ಹಳೆಯ ಬಡಾವಣೆಯಲ್ಲಿ ಕೆಳಗಿನ ಅಂತಸ್ತಿನಲ್ಲಿ ಮನೆಯ ಯಜಮಾನರು, ಮೇಲಿನ ಅಂತಸ್ತಿನಲ್ಲಿ ಬಾಡಿಗೆದಾರರು, ಮುಂಭಾಗದಲ್ಲಿ ಒಂದು ಅಂಗಡಿ ಇರುವುದು ಅಪರೂಪವೇನಲ್ಲ. ಇಂತಹ ಒಂದು ಕಟ್ಟಡ ಪಾಲಿಕೆಯ ತೆರಿಗೆ ದಾಖಲೆಯಲ್ಲಿ ಒಂದು ಸಂಖ್ಯೆಯಾಗಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಒಂದು ಕ್ರಯಪತ್ರವಾಗಿ, ಬೆಸ್ಕಾಂನಲ್ಲಿ ಎರಡು ಮೂರು ಮೀಟರುಗಳಾಗಿ, ಜಲಮಂಡಳಿಯಲ್ಲಿ ಮತ್ತೊಂದು ಸಂಪರ್ಕ ಸಂಖ್ಯೆಯಾಗಿ ನೆಲೆಸಿರುತ್ತದೆ. ಇವೆಲ್ಲವೂ ಒಂದೇ ಕಟ್ಟಡವೆಂದು ಬೀದಿಯಲ್ಲಿ ನಿಂತವರಿಗೆ ಗೊತ್ತು. ಕಂಪ್ಯೂಟರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕು.

ಸಂಖ್ಯೆಯೊಳಗೆ ಹೂತ ವಾರ್ಡು

ಹಾಗೆ ಹೇಳಿಕೊಡಲೆಂದೇ ಬಂದದ್ದು ಪಿಐಡಿ ಎಂಬ ಸ್ವತ್ತಿನ ಗುರುತಿನ ಸಂಖ್ಯೆ. ವಾರ್ಡಿನ ಸಂಖ್ಯೆ, ಬೀದಿಯ ಸಂಖ್ಯೆ, ಸ್ವತ್ತಿನ ಸಂಖ್ಯೆ ಈ ಮೂರನ್ನೂ ಜೋಡಿಸಿ ಅದನ್ನು ರಚಿಸಲಾಯಿತು. ಓದಿದೊಡನೆ ಮನೆ ಎಲ್ಲಿದೆಯೆಂದು ತಿಳಿಯುವ ಅನುಕೂಲ ಅದರಲ್ಲಿತ್ತು, ದೋಷವೂ ಅಲ್ಲಿಯೇ ಇತ್ತು. ಹಳೆಯ ಬೆಂಗಳೂರು ಮಹಾನಗರ ಪಾಲಿಕೆಗೆ 100 ವಾರ್ಡುಗಳಿದ್ದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬಿಬಿಎಂಪಿ ಆದ ಮೇಲೆ ವಾರ್ಡುಗಳು 198 ಆದವು. 2022ರಲ್ಲಿ 243 ಎಂದಾಯಿತು, 2023ರಲ್ಲಿ 225 ಎಂದು ತಿದ್ದಲಾಯಿತು. 2025ರಲ್ಲಿ ಪಾಲಿಕೆಯೇ ಬೇರೆಯಾಯಿತು. ಇಷ್ಟೂ ಬಾರಿ ತ್ಯಾಗರಾಜನಗರದ ಆ ಮನೆ ಒಂದು ಅಡಿಯೂ ಕದಲಲಿಲ್ಲ.

ಗುರುತಿನ ಸಂಖ್ಯೆಯೊಳಗೆ ಬದಲಾಗಬಹುದಾದ ಯಾವ ಸಂಗತಿಯನ್ನೂ ಬೆರೆಸಬಾರದೆಂಬುದು ದತ್ತಾಂಶ ವಿನ್ಯಾಸದ ಮೊದಲ ಪಾಠ. ವಾರ್ಡು ಮನೆಯ ಗುರುತಲ್ಲ. ಇಂತಹ ದಿನದಿಂದ ಇಂತಹ ದಿನದವರೆಗೆ ಮಾತ್ರ ಸತ್ಯವಾಗಿರುವ ಒಂದು ಲಕ್ಷಣ. ಆದ್ದರಿಂದ ಅದು ಪ್ರತ್ಯೇಕ ಕೋಷ್ಟಕದಲ್ಲಿ, ಆರಂಭ ಮತ್ತು ಅಂತ್ಯದ ದಿನಾಂಕಗಳೊಂದಿಗೆ ಇರಬೇಕು. ಹಾಗಿದ್ದರೆ ಮಾತ್ರ ಇಂದಿನ ವಾರ್ಡಿನ ತೆರಿಗೆ ವಸೂಲಿಯನ್ನು ಹತ್ತು ವರ್ಷದ ಹಿಂದಿನ ವಸೂಲಿಯೊಡನೆ ಹೋಲಿಸಲು ಸಾಧ್ಯ. ಇಲ್ಲವಾದಲ್ಲಿ ಗಡಿ ಬದಲಾದಾಗಲೆಲ್ಲ ಇತಿಹಾಸ ಅಳಿದುಹೋಗುತ್ತದೆ. ವಸೂಲಿ ಏರಿತೋ ಇಳಿಯಿತೋ ಎಂಬ ಸರಳ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ.

ಉಗ್ರಾಣ ಬೇರೆ, ಅಂಗಡಿ ಬೇರೆ

ದೊಡ್ಡ ಸಂಸ್ಥೆಗಳು ತಮ್ಮ ದೈನಂದಿನ ವಹಿವಾಟಿನ ದಾಖಲೆಗಳಿಂದ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆಯನ್ನು ಹೊರತೆಗೆಯಲು ಕಟ್ಟುವ ವ್ಯವಸ್ಥೆಗೆ 'ಬಿಸಿನೆಸ್ ಇಂಟೆಲಿಜೆನ್ಸ್' ಎಂಬ ಹೆಸರಿದೆ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1958ರಲ್ಲಿಯೇ ಈ ಹೆಸರಿನ ಪ್ರಬಂಧವನ್ನು ಪ್ರಕಟಿಸಿದ್ದರು. ಇದರ ತಾಂತ್ರಿಕ ರಚನೆಯನ್ನು ಮೂರು ಹಂತಗಳಲ್ಲಿ ವಿವರಿಸಬಹುದು: ವಹಿವಾಟು ನಡೆಯುವ ಮೂಲ ತಂತ್ರಾಂಶಗಳು, ಅವುಗಳಿಂದ ನಿಗದಿತ ವೇಳೆಗೆ ಪ್ರತಿ ತೆಗೆದು ಶುದ್ಧಗೊಳಿಸಿ ಶೇಖರಿಸುವ ಡೇಟಾ ವೇರ್‌ಹೌಸ್ ಎಂಬ ಉಗ್ರಾಣ, ಅದರ ಮೇಲೆ ವರದಿ ಹಾಗೂ ನಕ್ಷೆಗಳು.

ಪ್ರತಿ ಏಕೆ ಬೇಕು, ಮೂಲದಲ್ಲಿಯೇ ನೋಡಬಾರದೇ ಎಂಬ ಪ್ರಶ್ನೆ ಸಹಜ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿ ನೀಡುವುದು ಬೆಂಗಳೂರಿನ ರೂಢಿ. ತಿಂಗಳ ಕೊನೆಯ ದಿನಗಳಲ್ಲಿ ಜನ ಒಟ್ಟಾಗಿ ಮುಗಿಬೀಳುತ್ತಾರೆ. ಅದೇ ಹೊತ್ತಿಗೆ ಆಯುಕ್ತರ ಕಚೇರಿಯಿಂದ ವಲಯವಾರು, ವರ್ಷವಾರು ಬಾಕಿಯ ಪಟ್ಟಿಯನ್ನು ಅದೇ ಸರ್ವರ್‌ನಿಂದ ಕೇಳಿದರೆ ತೆರಿಗೆ ಕಟ್ಟುವವನ ಪರದೆ ನಿಂತುಹೋಗಬಹುದು. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದುದು. ವಹಿವಾಟಿನ ತಂತ್ರಾಂಶಕ್ಕೆ ಇಂದಿನ ಸ್ಥಿತಿ ತಿಳಿದರೆ ಸಾಕು; ಖಾತೆ ಬದಲಾದರೆ ಹೊಸ ಹೆಸರು ಹಳೆಯದರ ಮೇಲೆ ಕೂರುತ್ತದೆ. ಉಗ್ರಾಣವಾದರೋ ಹಳೆಯದನ್ನೂ ಉಳಿಸಿಕೊಳ್ಳಬೇಕು.

ಉಗ್ರಾಣವನ್ನು ಕಟ್ಟುವುದರಲ್ಲಿ ಎರಡು ಪಂಥಗಳಿವೆ. ಇಡೀ ಸಂಸ್ಥೆಗೆ ಒಂದೇ ಕೇಂದ್ರೀಯ ಉಗ್ರಾಣವನ್ನು ಮೊದಲು ನಿರ್ಮಿಸಿ ನಂತರ ವಿಭಾಗಗಳಿಗೆ ಹಂಚಬೇಕೆಂಬುದು ಬಿಲ್ ಇನ್ಮನ್ ಅವರ ವಾದ. 1992ರ ಅವರ ಪುಸ್ತಕ ಈ ಕ್ಷೇತ್ರಕ್ಕೆ ಬುನಾದಿ ಹಾಕಿತು. ವಿಭಾಗವಾರು ಸಣ್ಣ ಉಗ್ರಾಣಗಳನ್ನೇ ಕಟ್ಟುತ್ತ ಹೋಗಬಹುದು, ಆದರೆ ಎಲ್ಲೆಡೆ ಬಳಕೆಯಾಗುವ ಮುಖ್ಯ ಕೋಷ್ಟಕಗಳು ಮಾತ್ರ ಎಲ್ಲರಿಗೂ ಸಮಾನವಾಗಿರಬೇಕು ಎಂದು 1996ರಲ್ಲಿ ಪ್ರತಿಪಾದಿಸಿದವರು ರಾಲ್ಫ್ ಕಿಂಬಾಲ್. ಈ ಜಗಳ ತಂತ್ರಜ್ಞರ ವಲಯದಲ್ಲಿ ಹಳೆಯದಾಯಿತು. ಬೆಂಗಳೂರಿಗೆ ಮಾತ್ರ ಅದು ಹೊಸದಾಗಿ ಬಂದು ನಿಂತಿದೆ. ಐದು ಪಾಲಿಕೆಗಳಿಗೆ ಸ್ವಂತ ತೆರಿಗೆ ಅಧಿಕಾರ, ಸ್ವಂತ ಬಜೆಟ್ ಇರುವಾಗ ಎಲ್ಲವನ್ನೂ ಪ್ರಾಧಿಕಾರದ ಒಂದೇ ಉಗ್ರಾಣಕ್ಕೆ ಒಯ್ಯುವುದು ವಿಕೇಂದ್ರೀಕರಣದ ಆಶಯಕ್ಕೆ ಹೊಂದುವುದಿಲ್ಲ. ಐದಕ್ಕೂ ಬೇರೆ ಬೇರೆ ಗುತ್ತಿಗೆದಾರರು, ಬೇರೆ ಬೇರೆ ತಂತ್ರಾಂಶಗಳು ಬಂದರೆ ಮಹಾನಗರದ ಒಟ್ಟು ಚಿತ್ರಣವೇ ಇಲ್ಲವಾಗುತ್ತದೆ. ಕಿಂಬಾಲ್ ತೋರಿಸಿದ ದಾರಿಯೇ ಇಲ್ಲಿ ಸೂಕ್ತ: ವಹಿವಾಟು ಐದೂ ಕಡೆ ಸ್ವತಂತ್ರವಾಗಿ ನಡೆಯಲಿ, ಸ್ವತ್ತು, ಬೀದಿ, ವಾರ್ಡು, ಲೆಕ್ಕಶೀರ್ಷಿಕೆ, ಬಳಕೆಯ ವರ್ಗ ಈ ಐದು ಕೋಷ್ಟಕಗಳು ಎಲ್ಲರಿಗೂ ಒಂದೇ ಇರಲಿ, ಅವುಗಳ ಪಾಲನೆ ಪ್ರಾಧಿಕಾರದ ಹೊಣೆಯಾಗಲಿ.

78 ಸಾವಿರ ನೋಟಿಸುಗಳ ಪಾಠ

ಸಮಾನ ಕೋಷ್ಟಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಲು ಪರದೇಶಕ್ಕೆ ಹೋಗಬೇಕಿಲ್ಲ. 2008ರಲ್ಲಿ ಬಿಬಿಎಂಪಿ ಘಟಕ ಕ್ಷೇತ್ರ ಮೌಲ್ಯ ಪದ್ಧತಿಯನ್ನು ಜಾರಿಗೆ ತಂದಿತು. ಬೀದಿಯ ಮಾರ್ಗಸೂಚಿ ದರವನ್ನು ಆಧರಿಸಿ ನಗರವನ್ನು 'ಎ'ಯಿಂದ 'ಎಫ್'ವರೆಗೆ ಆರು ವಲಯಗಳಾಗಿ ವಿಂಗಡಿಸಿ, ಚದರ ಅಡಿಗೆ ಇಷ್ಟೆಂದು ದರ ಗೊತ್ತುಮಾಡಲಾಯಿತು. ತೆರಿಗೆಯನ್ನು ಲೆಕ್ಕಹಾಕಿ ಘೋಷಿಸುವವನು ಮಾಲೀಕನೇ. 2016ರಲ್ಲಿ ವಲಯಗಳ ಪರಿಷ್ಕರಣೆಯಾಯಿತು. ಅನೇಕರು ಹಳೆಯ ವಲಯದ ಪ್ರಕಾರವೇ ಘೋಷಿಸಿಕೊಂಡರು, ಪಾಲಿಕೆಯ ತಂತ್ರಾಂಶವೂ ಅದನ್ನು ಒಪ್ಪಿಕೊಂಡು ರಸೀದಿ ನೀಡಿತು. ವರ್ಷಗಳು ಉರುಳಿದ ಮೇಲೆ, 2021ರಲ್ಲಿ, ಸುಮಾರು 78 ಸಾವಿರ ಸ್ವತ್ತುಗಳ ಮಾಲೀಕರಿಗೆ ವಲಯ ತಪ್ಪಾಗಿದೆ, ವ್ಯತ್ಯಾಸದ ಮೊತ್ತವನ್ನು ದಂಡ ಮತ್ತು ಬಡ್ಡಿ ಸಹಿತ ಕಟ್ಟಿ ಎಂಬ ನೋಟಿಸುಗಳು ಬಂದವು. ನಿವೃತ್ತಿ ವೇತನದಲ್ಲಿ ಬದುಕುವ ಹಿರಿಯರಿಗೆ ಇದು ಸಣ್ಣ ಆಘಾತವಲ್ಲ.

ತಪ್ಪು ಯಾರದೆಂಬ ವಾದ ಬಹುಕಾಲ ನಡೆಯಿತು. ವಿನ್ಯಾಸದ ದೃಷ್ಟಿಯಿಂದ ನೋಡಿದರೆ ಉತ್ತರ ಕಷ್ಟವಿಲ್ಲ. ಯಾವ ಬೀದಿ ಯಾವ ವಲಯಕ್ಕೆ ಸೇರುತ್ತದೆ ಎಂಬುದು ಪಾಲಿಕೆಯೇ ಅಧಿಸೂಚನೆ ಹೊರಡಿಸಿ ತಿಳಿಸಿದ ಸಂಗತಿ. ಅದನ್ನು ಮಾಲೀಕನಿಂದ ಕೇಳಿ ಬರೆದುಕೊಳ್ಳುವ ಅಗತ್ಯವೇ ಇರಲಿಲ್ಲ. ಬೀದಿಯ ಕೋಷ್ಟಕದಲ್ಲಿ ವಲಯವನ್ನೂ ಅದು ಜಾರಿಯಾದ ದಿನಾಂಕವನ್ನೂ ಇಟ್ಟು, ಘೋಷಣಾ ಪತ್ರವನ್ನು ಅದಕ್ಕೆ ಕಟ್ಟಿಹಾಕಿದ್ದರೆ ತಪ್ಪು ಮೊದಲ ದಿನವೇ ತಡೆಯಲ್ಪಡುತ್ತಿತ್ತು. ಮಾಲೀಕನಿಗೆ ಮಾತ್ರ ಗೊತ್ತಿರುವ ವಿಷಯವನ್ನು ಮಾಲೀಕನಿಂದ, ಪಾಲಿಕೆಗೆ ಗೊತ್ತಿರುವುದನ್ನು ಪಾಲಿಕೆಯ ದಾಖಲೆಯಿಂದ ಪಡೆಯಬೇಕು. ಪ್ರತಿಯೊಂದು ಸಂಗತಿಗೂ ಒಬ್ಬನೇ ಒಡೆಯನಿರಬೇಕೆಂದು ತಂತ್ರಜ್ಞರು ಹೇಳುವುದರ ಅರ್ಥ ಇಷ್ಟೇ.

ನಗರಕ್ಕೆ ಒಳ್ಳೆಯ ಅನುಭವವೂ ಇದೆ. 2000ದಲ್ಲಿ ಬಂದ ಸ್ವಯಂ ಘೋಷಿತ ತೆರಿಗೆ ಯೋಜನೆ ತೆರಿಗೆ ಲೆಕ್ಕವನ್ನು ನಾಗರಿಕನ ಕೈಗೇ ಕೊಟ್ಟಿತು. ಅದೇ ಕಾಲದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್‌ನ ನೆರವಿನಿಂದ ಪಾಲಿಕೆಯು ನಿಧಿ ಆಧಾರಿತ ಲೆಕ್ಕ ಪದ್ಧತಿಗೆ, ಅಂದರೆ ಎಫ್‌ಬಿಎಎಸ್‌ಗೆ ತಿರುಗಿತು. ಅಲ್ಲಿಯವರೆಗೆ ನಗದು ಪುಸ್ತಕದ ಏಕನಮೂದು ಲೆಕ್ಕವಿದ್ದುದರಿಂದ ಬಂದದ್ದೆಷ್ಟು, ಹೋದದ್ದೆಷ್ಟು ಎನ್ನಬಹುದಿತ್ತೇ ಹೊರತು ಬರಬೇಕಾದದ್ದೆಷ್ಟು ಎನ್ನಲು ಬರುತ್ತಿರಲಿಲ್ಲ. 2002ರಲ್ಲಿ ಆರಂಭವಾದ 'ಪ್ರೂಫ್' ಎಂಬ ನಾಗರಿಕ ಅಭಿಯಾನ ಪಾಲಿಕೆಯ ಹಣಕಾಸಿನ ತಖ್ತೆಗಳನ್ನು ಸಾರ್ವಜನಿಕ ಚರ್ಚೆಗೆ ತಂದಿತು. ಲೆಕ್ಕಶೀರ್ಷಿಕೆಗಳನ್ನು ಮೊದಲು ಸರಿಪಡಿಸಿ ಆಮೇಲೆ ಕಂಪ್ಯೂಟರಿಗೆ ಹೋದದ್ದರಿಂದ ಇದು ಸಾಧ್ಯವಾಯಿತು. ಈ ಅನುಕ್ರಮ ಈಗ ತಲೆಕೆಳಗಾಗುವ ಅಪಾಯವಿದೆ. ಸರ್ಕಾರಿ ಕಚೇರಿಗಳಲ್ಲಿ ಗೋಡೆಯಗಲದ ಪರದೆ, ಬಣ್ಣಬಣ್ಣದ ಡ್ಯಾಶ್‌ಬೋರ್ಡುಗಳು ಮೊದಲು ಬರುತ್ತವೆ, ಉದ್ಘಾಟನೆಗೆ ಅವೇ ಚೆನ್ನ. ಕೋಷ್ಟಕಗಳನ್ನು ಶುದ್ಧಗೊಳಿಸಿದ್ದಕ್ಕೆ ಯಾರೂ ದೀಪ ಬೆಳಗಿಸುವುದಿಲ್ಲ.

'ಬಾಕಿ' ಎಂದರೆ ಎಷ್ಟು?

ಪದಗಳ ಅರ್ಥನಿರೂಪಣೆಯೂ ವಿನ್ಯಾಸದ ಭಾಗವೇ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಆರಂಭ. ಮೇ ತಿಂಗಳಲ್ಲಿ ಇನ್ನೂ ಕಟ್ಟದ ಪ್ರಸಕ್ತ ಸಾಲಿನ ತೆರಿಗೆ 'ಬಾಕಿ'ಯೋ ಅಥವಾ 'ಬೇಡಿಕೆ'ಯೋ? ನ್ಯಾಯಾಲಯದಲ್ಲಿರುವ ಮೊತ್ತವನ್ನು ಬಾಕಿಯಲ್ಲಿ ಸೇರಿಸಬೇಕೋ ಬೇಡವೋ? ಮನೆ ಕಟ್ಟಲು ಆರಂಭಿಸಿದ ನಿವೇಶನ ಯಾವ ದಿನದಿಂದ 'ಖಾಲಿ' ಅಲ್ಲ? ಇಂತಹ ಪ್ರಶ್ನೆಗಳಿಗೆ ದಕ್ಷಿಣ ಪಾಲಿಕೆ ಒಂದು, ಪೂರ್ವ ಪಾಲಿಕೆ ಇನ್ನೊಂದು ಉತ್ತರ ಕೊಟ್ಟರೆ, ವಸೂಲಿಯಲ್ಲಿ ಯಾರು ಮುಂದು ಎಂಬ ಹೋಲಿಕೆ ಕೇವಲ ಪದಗಳ ಆಟವಾಗುತ್ತದೆ. ಅನುದಾನ ಹಂಚಿಕೆ ಈ ಹೋಲಿಕೆಯ ಮೇಲೆ ನಿಂತರೆ ಆಟ ದುಬಾರಿಯಾದೀತು. ಆದುದರಿಂದ ಒಂದು ಪಾರಿಭಾಷಿಕ ಪಟ್ಟಿಯನ್ನು, ಪ್ರತಿ ಅಂಕಿಯ ಲೆಕ್ಕದ ಸೂತ್ರ ಸಮೇತ, ಗುತ್ತಿಗೆ ಕರೆಯುವುದಕ್ಕೆ ಮುನ್ನವೇ ಸಾರ್ವಜನಿಕವಾಗಿ ಪ್ರಕಟಿಸುವುದು ಅವಶ್ಯ.

2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದದ್ದು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಹಳೆಯ ವಹಿಗಳನ್ನು ಆಧರಿಸಿದ ಕರಡು ಖಾತೆಗೆ ಮಾಲೀಕನು ಕ್ರಯಪತ್ರ, ತೆರಿಗೆಯ ವಿವರ, ವಿದ್ಯುತ್ ಸಂಪರ್ಕದ ಸಂಖ್ಯೆ, ಆಧಾರ್ ದೃಢೀಕರಣ, ಕಟ್ಟಡದ ಚಿತ್ರ ಇವನ್ನು ಸೇರಿಸುವುದರಿಂದ, ಹಿಂದೆ ಬೇರೆಬೇರೆಯಾಗಿದ್ದ ಸಂಖ್ಯೆಗಳು ಮೊದಲ ಬಾರಿಗೆ ಒಂದೇ ಸಾಲಿನಲ್ಲಿ ಕುಳಿತಿವೆ. ಹೊಸ ಗುರುತಿನ ಸಂಖ್ಯೆಯೂ ಬಂದಿದೆ. ಆದರೆ ಹೆಸರಿನ ಕಾಗುಣಿತ, ಅಳತೆ, ಗಡಿಗಳ ತಪ್ಪುಗಳೂ ಹಳೆಯ ವಹಿಯಿಂದಲೇ ಇಳಿದು ಬರಬಲ್ಲವು. ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಬೇಕು: ತಪ್ಪನ್ನು ಮೂಲ ದಾಖಲೆಯಲ್ಲಿ, ಹೊಣೆಗಾರ ಅಧಿಕಾರಿಯ ಸಹಿಯೊಂದಿಗೆ ತಿದ್ದಬೇಕೇ ವಿನಾ ಉಗ್ರಾಣದಲ್ಲಿ ಎಂದಿಗೂ ತಿದ್ದಕೂಡದು. ಉಗ್ರಾಣದಲ್ಲಿ ತಿದ್ದಿದ ಅಂಕಿ ವರದಿಯಲ್ಲಿ ಚೆಂದ ಕಾಣುತ್ತದೆ, ಮಾಲೀಕನ ಕೈಯಲ್ಲಿರುವ ಖಾತೆ ಮಾತ್ರ ತಪ್ಪಾಗಿಯೇ ಉಳಿಯುತ್ತದೆ. ಮರುದಿನ ಬೆಳಗಿನ ಜಾವದ ಹೊಸ ಪ್ರತಿಯೊಂದಿಗೆ ಹಳೆಯ ತಪ್ಪು ಮತ್ತೆ ಬಂದು ಕೂರುತ್ತದೆ.

ಇಷ್ಟೆಲ್ಲ ಒಂದೆಡೆ ಸೇರಿದಾಗ ನಾಗರಿಕನ ಬದುಕಿನ ಒಂದು ದೊಡ್ಡ ತುಣುಕು ಅಧಿಕಾರಿಯ ಪರದೆಯ ಮೇಲೆ ಬಂದಂತೆಯೇ ಸರಿ. ಯಾರ ಮನೆಯಲ್ಲಿ ವಿದ್ಯುತ್ ಎಷ್ಟು ಉರಿಯುತ್ತದೆ, ಯಾರು ಬಾಡಿಗೆಗಿದ್ದಾರೆ, ಯಾವ ಮನೆ ಬೀಗ ಹಾಕಿದೆ ಎಂಬುದನ್ನು ವಾರ್ಡು ಮಟ್ಟದ ಸಿಬ್ಬಂದಿಯೆಲ್ಲ ನೋಡುವ ಅಗತ್ಯವಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿಯೇ ಸಂಸತ್ತಿನ ಅಂಗೀಕಾರ ಪಡೆದಿದೆ. ಆಧಾರ್ ಸಂಖ್ಯೆ ಮತ್ತು ಮಾಲೀಕನ ಹೆಸರು ಉಗ್ರಾಣಕ್ಕೆ ಹೋಗದೆಯೇ ಬೀದಿವಾರು ವಸೂಲಿಯ ವರದಿಯನ್ನು ತಯಾರಿಸಬಹುದು. ಹಾಗೆ ಮಾಡಬೇಕೆಂಬ ಷರತ್ತನ್ನು ಹಾಗೂ ಯಾವ ಅಧಿಕಾರಿ ಯಾವ ದಿನ ಯಾವ ಸ್ವತ್ತನ್ನು ತೆರೆದು ನೋಡಿದನೆಂಬ ದಾಖಲೆ ಉಳಿಯಬೇಕೆಂಬ ಷರತ್ತನ್ನು ಗುತ್ತಿಗೆಯ ಕರಡಿನಲ್ಲಿಯೇ ಬರೆಯಬೇಕು. ವ್ಯವಸ್ಥೆ ನಿಂತ ಮೇಲೆ ಸೇರಿಸಲು ಹೊರಟರೆ ಖರ್ಚು ಹಲವು ಪಟ್ಟು.