ತೋರಿಸುವ ಮದ್ದು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಚಿನ್ನವನ್ನೂ ತಾಮ್ರದ ಸಲ್ಫೈಡನ್ನೂ ಕೂಡಿಸಿ ಅತಿ ಸೂಕ್ಷ್ಮವಾದ ಕಣಗಳನ್ನು ನಿರ್ಮಿಸಿರುವರೆಂದೂ, ಬೆಳಕು ಬಿದ್ದಾಗ ಆ ಕಣಗಳು ಕಾದು ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವುದಲ್ಲದೆ, ಶಬ್ದದ ಅಲೆಗಳನ್ನು ಹೊರಡಿಸಿ ತಾವಿರುವ ಎಡೆಯನ್ನೂ ತಿಳಿಸಿಕೊಡುವುವೆಂದೂ 2024ರ ಮೊದಲ ತಿಂಗಳುಗಳಲ್ಲಿ ಪ್ರಕಟವಾದ ವರದಿಯು ವಾಚಕರ ನೆನಪಿನಲ್ಲಿರಬಹುದು. ಇಂಥ ವರದಿ ಬಂದಾಗಲೆಲ್ಲ ನಮ್ಮ ಜನರು ಎರಡು ಪಕ್ಷವಾಗುವುದು ವಾಡಿಕೆ. ಕ್ಯಾನ್ಸರಿಗೆ ಮದ್ದು ಸಿಕ್ಕಿಯೇ ಹೋಯಿತೆಂದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಕೆಲವರು. ಹಿತ್ತಲ ಗಿಡ ಮದ್ದಲ್ಲವೆಂದು ಮುಖ ತಿರುಗಿಸುವವರು ಮತ್ತೆ ಕೆಲವರು. ಇವೆರಡೂ ನಮಗೆ ಸಮ್ಮತವಲ್ಲ. ಈ ವಿದ್ಯೆಯಿಂದ ರೋಗಿಗೆ ನಿಜವಾಗಿ ಆಗಬಹುದಾದ ಉಪಕಾರವೇನು, ಅದು ಆಗಬೇಕಾದರೆ ಅಧಿಕಾರಿಗಳು ಮಾಡಬೇಕಾದುದೇನು ಎಂಬುದನ್ನು ಸಮಾಧಾನದಿಂದ ವಿಚಾರ ಮಾಡುವುದು ಲೇಸು.

ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಬೆಂಗಳೂರಿನ ಕಣಗಳು ಇಂಥ ಎಂಟು ಪಾಲಿಗಿಂತಲೂ ಚಿಕ್ಕವು. ರೋಗವಿರುವ ಎಡೆಯನ್ನು ತೋರಿಸುವ ಕೆಲಸವನ್ನೂ ಅದನ್ನು ನಾಶಮಾಡುವ ಕೆಲಸವನ್ನೂ ಒಂದೇ ಪದಾರ್ಥಕ್ಕೆ ಒಪ್ಪಿಸುವ ಈ ಕ್ರಮಕ್ಕೆ ಥೆರಾನಾಸ್ಟಿಕ್ಸ್ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೊಸದಾದರೂ ತತ್ತ್ವವು ಹಳೆಯದು. ನಮ್ಮ ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಯು ಅಯೋಡಿನ್ನನ್ನು ತಾನಾಗಿಯೇ ಸೆಳೆದುಕೊಳ್ಳುತ್ತದೆ. ಆ ಗ್ರಂಥಿಯಲ್ಲಿ ಹುಟ್ಟಿ ದೇಹದಲ್ಲಿ ಹರಡಿದ ಕ್ಯಾನ್ಸರಿಗೆ ವಿಕಿರಣ ಸೂಸುವ ಅಯೋಡಿನ್ನನ್ನು ಕೊಟ್ಟ ವೃತ್ತಾಂತವನ್ನು ಅಮೆರಿಕದ ವೈದ್ಯರು 1946ರಲ್ಲಿಯೇ ಪ್ರಕಟಿಸಿದರು. ರೋಗವೆಲ್ಲಿದೆಯೆಂದು ಹೇಳಿದುದೂ ಅದೇ ಅಯೋಡಿನ್ನು, ಅದನ್ನು ಸುಟ್ಟುದೂ ಅದೇ. ಆದರೆ ಶ್ವಾಸಕೋಶದ, ಸ್ತನದ, ಗರ್ಭಕಂಠದ ಗಡ್ಡೆಗಳು ಅಯೋಡಿನ್ನನ್ನು ಹಾಗೆ ಕರೆದುಕೊಳ್ಳುವುವಲ್ಲ. ಅವುಗಳಿಗೆ ಮದ್ದನ್ನು ಮುಟ್ಟಿಸಲು ಬೇರೊಂದು ವಾಹನವು ಬೇಕಾಯಿತು. ಆ ವಾಹನವೇ ನ್ಯಾನೊ ಕಣ.

ಕ್ಯಾನ್ಸರ್ ಮದ್ದಿನ ದೊಡ್ಡ ದೋಷವೇನೆಂದರೆ, ಅದು ಶತ್ರುವನ್ನೂ ಮಿತ್ರನನ್ನೂ ಒಟ್ಟಿಗೆ ಹೊಡೆಯುವುದು. ಕೂದಲು ಉದುರುವುದು, ವಾಂತಿ, ರಕ್ತಕ್ಷಯ ಮುಂತಾದ ಕಷ್ಟಗಳು ಇದರ ಫಲ. ಗಡ್ಡೆಯೊಳಗಿನ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯಂತೆ ಬಿರುಕು ಬಿಟ್ಟಿರುತ್ತವೆಂದೂ, ಅವುಗಳ ಮೂಲಕ ಸೋರಿದ ದೊಡ್ಡ ಅಣುಗಳು ಗಡ್ಡೆಯಲ್ಲಿಯೇ ತಂಗುತ್ತವೆಂದೂ ಜಪಾನಿನ ಮಾತ್ಸುಮುರ ಮತ್ತು ಮಾಯೆದ ಎಂಬ ವಿದ್ವಾಂಸರು 1986ರಲ್ಲಿ ತೋರಿಸಿದರು. ಅಂದಿನಿಂದ ನ್ಯಾನೊ ಕಣಗಳ ಮೇಲೆ ಆಶೆಯು ಬೆಳೆಯಿತು. ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ಡಾಕ್ಸೊರುಬಿಸಿನ್ ಎಂಬ ಮದ್ದನ್ನು ತುಂಬಿದ ಡಾಕ್ಸಿಲ್ ಎಂಬ ಔಷಧಕ್ಕೆ 1995ರಲ್ಲಿ ಅಮೆರಿಕದ ಸರ್ಕಾರದ ಅನುಮತಿಯೂ ದೊರೆಯಿತು. ಹೃದಯಕ್ಕೆ ತಗಲುತ್ತಿದ್ದ ಅಪಾಯವು ಅದರಿಂದ ಕಡಿಮೆಯಾಯಿತೆಂಬುದು ಸಣ್ಣ ಮಾತಲ್ಲ.

ಆದರೆ ಲೆಕ್ಕವನ್ನೂ ನೋಡಬೇಕಷ್ಟೆ. ಹತ್ತು ವರ್ಷಗಳಲ್ಲಿ ಪ್ರಕಟವಾದ ಪ್ರಬಂಧಗಳನ್ನು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ವಿದ್ವಾಂಸರು ಒಟ್ಟುಗೂಡಿಸಿ, 2016ರಲ್ಲಿ ಒಂದು ಕಹಿಯಾದ ಅಂಕಿಯನ್ನು ಲೋಕದ ಮುಂದಿಟ್ಟರು. ಪ್ರಾಣಿಗಳಿಗೆ ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆಯನ್ನು ಮುಟ್ಟಿದುದು ಸಾಧಾರಣವಾಗಿ ನೂರಕ್ಕೆ 0.7 ಪಾಲು ಮಾತ್ರ! ಉಳಿದುದರಲ್ಲಿ ಬಹುಪಾಲನ್ನು ಯಕೃತ್ತು, ಪ್ಲೀಹ ಮೊದಲಾದ ಅಂಗಗಳು ಹಿಡಿದುಕೊಳ್ಳುತ್ತವೆ, ಇಲ್ಲವೆ ಮೂತ್ರಪಿಂಡಗಳು ಹೊರಹಾಕುತ್ತವೆ. ಮನುಷ್ಯರಲ್ಲಿಯೂ ಎಲ್ಲರ ಪಾಡು ಒಂದೇ ಅಲ್ಲ. ಹರಡಿದ ಸ್ತನ ಕ್ಯಾನ್ಸರಿನ 19 ಮಂದಿ ರೋಗಿಗಳಿಗೆ ಗುರುತು ಹಚ್ಚಿದ ನ್ಯಾನೊ ಮದ್ದನ್ನು ಕೊಟ್ಟು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗಡ್ಡೆಗೂ ಇನ್ನೊಂದು ಗಡ್ಡೆಗೂ ಮುಟ್ಟಿದ ಮದ್ದಿನ ಪ್ರಮಾಣದಲ್ಲಿ 35 ಪಟ್ಟಿನವರೆಗೆ ವ್ಯತ್ಯಾಸ ಕಂಡುಬಂದಿತು. ಹೆಚ್ಚು ಮುಟ್ಟಿದವರಿಗೆ ಗುಣವೂ ಹೆಚ್ಚಾಗಿ ತೋರಿತು.

ತೋರಿಸುವ ಕಣದ ನಿಜವಾದ ಬೆಲೆ ಇಲ್ಲಿಯೇ ಇರುವುದೆಂದು ನಮ್ಮ ಅಭಿಪ್ರಾಯ. ಊರಿಗೆ ಹಣ ಕಳುಹಿಸಿದವನು ಅದು ಮುಟ್ಟಿದ ರಶೀತಿ ಬರುವವರೆಗೆ ನೆಮ್ಮದಿಯಿಂದಿರನು. ಆದರೆ ಹೊಲ ಮಾರಿ, ಒಡವೆ ಒತ್ತೆಯಿಟ್ಟು ಮದ್ದು ಕೊಂಡ ಕ್ಯಾನ್ಸರ್ ರೋಗಿಗೆ, ಆ ಮದ್ದು ಸೇರಬೇಕಾದಲ್ಲಿಗೆ ಸೇರಿತೆಂದು ಹೇಳುವವರು ಯಾರು? ತಿಂಗಳುಗಳು ಕಳೆದು, ಗಡ್ಡೆಯು ಬೆಳೆದಿದೆಯೋ ಕುಗ್ಗಿದೆಯೋ ಎಂದು ಅಳೆದ ಮೇಲಲ್ಲವೆ ಅದು ತಿಳಿಯುವುದು? ಅಷ್ಟರೊಳಗೆ ಹಣವೂ ಹೋಯಿತು, ಕಾಲವೂ ಹೋಯಿತು. ಮದ್ದನ್ನು ಹೊತ್ತ ಕಣವೇ ಚಿತ್ರದಲ್ಲಿ ಕಾಣಿಸಿಕೊಂಡರೆ, ಮೊದಲನೆಯ ಚುಚ್ಚುಮದ್ದಿನ ಬಳಿಕವೇ ವೈದ್ಯನು ಇವರಿಗೆ ಮುಟ್ಟಿದೆ, ಮುಂದುವರಿಸೋಣ ಎಂದೋ, ಇವರಿಗೆ ಮುಟ್ಟಿಲ್ಲ, ಬೇರೆ ದಾರಿ ನೋಡೋಣ ಎಂದೋ ಹೇಳಬಲ್ಲನು. ಬಡವರ ದೇಶದಲ್ಲಿ ಈ ರಶೀತಿಯು ವಿಲಾಸವಲ್ಲ; ನ್ಯಾಯ.

ಇದು ಬರಿಯ ಕಲ್ಪನೆಯೂ ಅಲ್ಲ. ಫ್ರಾನ್ಸಿನಲ್ಲಿ ಗ್ಯಾಡೊಲಿನಿಯಮ್ ಎಂಬ ಲೋಹವನ್ನೊಳಗೊಂಡ ಆಗ್ವಿಕ್ಸ್ ಎಂಬ ಕಣವನ್ನು ನಿರ್ಮಿಸಿದ್ದಾರೆ. ಎಂ.ಆರ್.ಐ. ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತದೆ. ವಿಕಿರಣವನ್ನು ಹಾಯಿಸಿದಾಗ ಅದರ ಪೆಟ್ಟನ್ನು ತಾನಿರುವ ಎಡೆಯಲ್ಲಿ ಹೆಚ್ಚಿಸುತ್ತದೆ. ಗ್ರೆನೋಬಲ್ ನಗರದಲ್ಲಿ, ಮಿದುಳಿಗೆ ಕ್ಯಾನ್ಸರ್ ಹರಡಿದ 15 ಮಂದಿ ರೋಗಿಗಳ ಮೇಲೆ ಇದರ ಮೊದಲ ಪರೀಕ್ಷೆ ನಡೆಯಿತು. ಕಣಗಳು ಗಡ್ಡೆಗಳಲ್ಲಿ ಒಂದು ವಾರದವರೆಗೂ ನಿಂತುದು ಚಿತ್ರದಲ್ಲಿ ಕಂಡಿತು. ಪರಿಶೀಲಿಸಲು ಸಾಧ್ಯವಾದ 14 ಮಂದಿಯಲ್ಲಿ 13 ಮಂದಿಗೆ ಗಡ್ಡೆಯು ಕುಗ್ಗಿತು, ಇಲ್ಲವೆ ಬೆಳೆಯದೆ ನಿಂತಿತು. ಕಣವು ಹೆಚ್ಚು ಸೇರಿದ ಗಡ್ಡೆಗಳಲ್ಲಿ ಫಲವೂ ಹೆಚ್ಚಾಗಿತ್ತು. ಆದರೂ ಇದು ಮುಖ್ಯವಾಗಿ ಅಪಾಯವಿಲ್ಲವೆಂಬುದನ್ನು ನೋಡಲು ಮಾಡಿದ ಪರೀಕ್ಷೆಯೆಂಬುದನ್ನೂ, ಅವರೆಲ್ಲರಿಗೂ ವಿಕಿರಣ ಚಿಕಿತ್ಸೆಯು ದೊರೆತಿತ್ತೆಂಬುದನ್ನೂ, ಕಣವಿಲ್ಲದೆ ವಿಕಿರಣವನ್ನಷ್ಟೇ ಪಡೆದವರ ಪಂಗಡವೊಂದನ್ನು ಪಕ್ಕದಲ್ಲಿಟ್ಟು ತೂಗಿರಲಿಲ್ಲವೆಂಬುದನ್ನೂ ಮರೆಯಲಾಗದು. ಕೀರ್ತಿಯೆಲ್ಲ ಕಣದ್ದೇ ಎಂದು ಇಷ್ಟರಿಂದಲೇ ತೀರ್ಪು ಹೇಳುವುದು ಅವಸರವಾದೀತು.

ಬೆಂಗಳೂರಿನ ಕಣಗಳಾದರೋ ಇನ್ನೂ ಹಿಂದಿನ ಮೆಟ್ಟಿಲಿನಲ್ಲಿವೆ. ಪ್ರಕಟವಾದ ವರದಿಯಂತೆ ಅವುಗಳನ್ನು ಪರೀಕ್ಷಿಸಿದುದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಶ್ವಾಸಕೋಶದ ಮತ್ತು ಗರ್ಭಕಂಠದ ಕ್ಯಾನ್ಸರ್ ಜೀವಕೋಶಗಳ ಮೇಲೆ. ಗಾತ್ರವು ಚಿಕ್ಕದಾದುದರಿಂದ ಅವು ದೇಹದಲ್ಲಿ ಶೇಖರವಾಗದೆ ಹೊರಬೀಳಬಹುದೆಂದು ವಿಜ್ಞಾನಿಗಳು ಹೇಳಿದ್ದಾರೆ. ಮನುಷ್ಯನ ದೇಹಕ್ಕೆ ಅವು ನಿರಪಾಯವೇ ಎಂಬುದನ್ನು ವಿಸ್ತಾರವಾಗಿ ಪರೀಕ್ಷಿಸಬೇಕೆಂದೂ ಅವರೇ ಹೇಳಿದ್ದಾರೆ. ಈ ಸಂಯಮವನ್ನು ನಾವು ಶ್ಲಾಘಿಸುತ್ತೇವೆ.

ಇನ್ನು ಸರ್ಕಾರದವರಿಗೆ ಒಂದು ಮಾತು. 2022ನೆಯ ವರ್ಷಕ್ಕಾಗಿ ಅಂತರರಾಷ್ಟ್ರೀಯ ತಜ್ಞರು ಮಾಡಿದ ಅಂದಾಜಿನಲ್ಲಿ ಭಾರತದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರು 14 ಲಕ್ಷಕ್ಕೂ ಮಿಕ್ಕವರು. ಸತ್ತವರು 9 ಲಕ್ಷಕ್ಕೂ ಮಿಕ್ಕವರು. ಇದನ್ನು ಎದುರಿಸಲು ನಮ್ಮಲ್ಲಿ ಬುದ್ಧಿಯ ಕೊರತೆಯಿಲ್ಲ, ಕೈಚಳಕದ ಕೊರತೆಯೂ ಇಲ್ಲ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಔಷಧಕ್ಕೆ ಅಭಾವ ಬಂದಾಗ, ಆ ದೇಶದವರು ತರಿಸಿಕೊಂಡುದು ಭಾರತದ ಸನ್ ಫಾರ್ಮಾ ಕಂಪೆನಿಯ ಲಿಪೊಡಾಕ್ಸ್ ಎಂಬ ಮದ್ದನ್ನು! ಅನ್ಯರು ಕಂಡುಹಿಡಿದುದನ್ನು ಅವರಷ್ಟೇ ಚೆನ್ನಾಗಿ ತಯಾರಿಸಬಲ್ಲ ನಾವು, ನಾವೇ ಕಂಡುಹಿಡಿದುದನ್ನು ರೋಗಿಯ ಹಾಸಿಗೆಯವರೆಗೆ ಒಯ್ಯಲಾರದೆ ಹೋಗುವುದೇಕೆ? ನ್ಯಾನೊ ಮಿಷನ್ ಯೋಜನೆಗೆ 2007ರಲ್ಲಿ ಐದು ವರ್ಷಗಳ ಅವಧಿಗೆ 1000 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿದರು. ನ್ಯಾನೊ ಔಷಧಗಳನ್ನು ಪರೀಕ್ಷಿಸುವ ನಿಯಮಾವಳಿಯು 2019ರಲ್ಲಿ ಹೊರಟಿತು. ಬೀಜವೂ ಇದೆ, ಗೊಬ್ಬರವೂ ಬಿದ್ದಿದೆ; ಪೈರನ್ನು ಕಣಕ್ಕೆ ತರುವ ಬಂಡಿಯೇ ಬೇಕಾಗಿರುವುದು.

ಆದುದರಿಂದ, ವಿಜ್ಞಾನ ಸಂಸ್ಥೆಯೂ, 1973ರಿಂದ ಈ ನಾಡಿನ ಬಡ ರೋಗಿಗಳನ್ನು ನೋಡಿಕೊಳ್ಳುತ್ತಿರುವ ಕಿದ್ವಾಯಿ ಆಸ್ಪತ್ರೆಯೂ ಒಂದೇ ನಗರದಲ್ಲಿರುವ ಅನುಕೂಲವನ್ನು ಬಳಸಿಕೊಂಡು, ಇಂಥ ಕೆಲಸವನ್ನು ಪ್ರಾಣಿಗಳ ಪರೀಕ್ಷೆಗೂ, ಅದು ತೃಪ್ತಿಕರವಾದರೆ ಮುಂದೆ ಮನುಷ್ಯರ ಪರೀಕ್ಷೆಗೂ ಒಯ್ಯಲು ಸ್ಥಿರವಾದ ಹಣದ ಏರ್ಪಾಡು ಆಗಬೇಕು. ಮದ್ದು ಎಷ್ಟು ಮಂದಿಗೆ ಮುಟ್ಟಿತೆಂಬುದರಂತೆಯೇ ಎಷ್ಟು ಮಂದಿಗೆ ಮುಟ್ಟಲಿಲ್ಲವೆಂಬುದನ್ನೂ ಬಹಿರಂಗವಾಗಿ ಪ್ರಕಟಿಸಬೇಕು. ಚಿತ್ರ ತೆಗೆಯುವ ಯಂತ್ರಗಳೂ ಅವನ್ನು ಓದಬಲ್ಲ ವೈದ್ಯರೂ ಜಿಲ್ಲಾ ಸ್ಥಳಗಳಲ್ಲಿ ಸಾಕಷ್ಟು ಇಲ್ಲದಿದ್ದರೆ, ತೋರಿಸುವ ಮದ್ದು ಬಂದರೂ ನೋಡುವ ಕಣ್ಣಿಲ್ಲದೆ ಹೋದೀತು.

ಕಡೆಯದಾಗಿ ಸಾರ್ವಜನಿಕರಲ್ಲಿ ನಮ್ಮ ವಿಜ್ಞಾಪನೆ: ನ್ಯಾನೊ ಎಂಬ ಹೆಸರನ್ನು ಮುಂದುಮಾಡಿಕೊಂಡು ಕ್ಯಾನ್ಸರಿಗೆ ಪವಾಡದ ಮದ್ದು ಮಾರುವವರ ಬಾಗಿಲಿಗೆ ಹೋಗಬೇಡಿರಿ; ನಾಳೆ ಬರುವ ಮದ್ದಿನ ಆಶೆಯಿಂದ ಇಂದಿನ ಶಸ್ತ್ರಚಿಕಿತ್ಸೆಯನ್ನೂ ವಿಕಿರಣವನ್ನೂ ಮುಂದೂಡಬೇಡಿರಿ. ಯಾವ ಮದ್ದನ್ನೇ ಬರೆದುಕೊಡಲಿ, ಅದು ಕೆಲಸ ಮಾಡಿತೆಂದು ತಿಳಿಯುವುದು ಹೇಗೆ, ಯಾವಾಗ ಎಂದು ವೈದ್ಯರನ್ನು ವಿನಯದಿಂದ, ಆದರೆ ತಪ್ಪದೆ ಕೇಳಿರಿ. ಆ ಪ್ರಶ್ನೆಗೆ ಬೇಗನೆಯೂ ನಿಜವಾಗಿಯೂ ಉತ್ತರ ಕೊಡಬಲ್ಲ ವಿದ್ಯೆಯೇ ರೋಗಿಯ ಪಾಲಿಗೆ ವಿದ್ಯೆಯೆನಿಸುವುದು.