ಕಸದಿಂದ ರಸ: ಎಷ್ಟು ನಿಜ?

ಕಸದಿಂದ ರಸ ತೆಗೆಯಬೇಕೆಂಬುದು ಹಿರಿಯರ ಮಾತು. ಅವರ ಕಾಲದ ಕಸವಾದರೋ ಗೊಬ್ಬರಗುಂಡಿಗೆ ಸೇರಿ ಮರುವರ್ಷ ತೋಟಕ್ಕೆ ಸಾರವಾಗುತ್ತಿತ್ತು. ಇಂದಿನ ಕಸದಲ್ಲಿ ಮಣ್ಣೂ ಒಲ್ಲದ ಪ್ಲಾಸ್ಟಿಕ್ ಬೆರೆತಿದೆ. ಖನಿಜ ತೈಲದಿಂದ ಹುಟ್ಟಿದ ಅದನ್ನು ಸುಟ್ಟರೆ ಶಾಖವೇನೋ ಹೇರಳ. ಆದರೆ ಅದು ಕಲ್ಲಿದ್ದಲಿನಂತೆಯೇ ಮುಗಿದುಹೋಗುವ ಇಂಧನ. ಇದನ್ನು ಅನ್ಯ ದೇಶಗಳು ಹೇಗೆ ಬಳಸುತ್ತಿವೆಯೆಂಬುದನ್ನು ವಾಚಕರೊಡನೆ ವಿಚಾರಿಸಬಯಸುತ್ತೇವೆ.

ಸ್ವೀಡನ್ ದೇಶವು ಸುಡಬಲ್ಲ ಕಸವನ್ನು ಹೂಳುವುದನ್ನು 2002ರಲ್ಲಿ ನಿಷೇಧಿಸಿತು. ಅಲ್ಲಿ ಕಸದ ಶಾಖವು ವಿದ್ಯುತ್ತಾಗುವುದಷ್ಟೇ ಅಲ್ಲ, ಬಿಸಿನೀರಾಗಿ ಕೊಳವೆಗಳಲ್ಲಿ ಹರಿದು ಮನೆಗಳನ್ನು ಚಳಿಯಿಂದ ಕಾಯುತ್ತದೆ. ಕುಲುಮೆಗಳ ಹಸಿವು ಎಷ್ಟೆಂದರೆ, ನಾರ್ವೆ, ಬ್ರಿಟನ್ನುಗಳಿಂದಲೂ ಕಸ ತರಿಸಿಕೊಂಡದ್ದುಂಟು. ನೆರೆಯ ಡೆನ್ಮಾರ್ಕ್ 2017ರಲ್ಲಿ ಕೋಪನ್‌ಹೇಗನ್ನಿನಲ್ಲಿ ಭವ್ಯ ಸ್ಥಾವರವೊಂದನ್ನು ಆರಂಭಿಸಿತು. ಆದರೂ ಪ್ಲಾಸ್ಟಿಕ್ ದಹನದಿಂದ ಏಳುವ ಇಂಗಾಲಾಮ್ಲವನ್ನು ತಗ್ಗಿಸಲೆಂದು, 2030ರೊಳಗೆ ದಹನ ಸಾಮರ್ಥ್ಯವನ್ನು ಶೇಕಡಾ 30ರಷ್ಟು ಇಳಿಸಲು 2020ರಲ್ಲಿ ಅದೇ ದೇಶ ನಿಶ್ಚಯಿಸಿತು.

ಜಪಾನಿಗೆ ಹೂಳಲು ನೆಲ ಸಾಲದು. ಅದು ಊರಕಸದ ಬಹುಪಾಲನ್ನು ಸುಡುತ್ತದೆ. ಆದರೆ ವಿದ್ಯುತ್ ನೀಡುವ ಸ್ಥಾವರಗಳು ಅಲ್ಲಿಯೂ ಅರ್ಧಕ್ಕಿಂತ ಕಡಿಮೆ. 1979ರಿಂದ ಕಸ ಸುಡುತ್ತಿರುವ ಸಿಂಗಾಪುರವು ಬೂದಿಯನ್ನು ಸೆಮಕಾವ್ ದ್ವೀಪಕ್ಕೆ ಸಾಗಿಸುತ್ತದೆ. ಸುಟ್ಟ ಮಾತ್ರಕ್ಕೆ ಕಸ ನಿಶ್ಶೇಷವಾಗದೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ದೇಶದ ಅನುಭವವೇ ಬೇರೆ. ದಿಲ್ಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ದಿನಕ್ಕೆ 300 ಟನ್ ಸುಡಲೆಂದು ಕಟ್ಟಿದ ಸ್ಥಾವರವು ಅಲ್ಪಕಾಲದಲ್ಲೇ ನಿಂತುಹೋಯಿತು. ಹಸಿಯೂ ಒಣದೂ ಮಣ್ಣೂ ಬೆರೆತ ಕಸಕ್ಕೆ ಉರಿಯುವ ಕಸುವಿರಲಿಲ್ಲ. ಇತ್ತ 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ ಹತ್ತು ದಿನಗಳಿಗೂ ಮಿಕ್ಕಿ ಉರಿಯಿತು. ಒಂದು ದೀಪವೂ ಬೆಳಗಲಿಲ್ಲ, ನಗರವೆಲ್ಲ ಕೆಮ್ಮಿತು.

ಬೇರ್ಪಡಿಸದ ಕಸ ಇಂಧನವೂ ಅಲ್ಲ, ಗೊಬ್ಬರವೂ ಅಲ್ಲ ಎಂಬುದೇ ಇದರ ಸಾರ. ಆ ಕೆಲಸ ಆರಂಭವಾಗುವುದು ನಮ್ಮ ಅಡುಗೆಮನೆಯಲ್ಲಿ. ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇವೆ. ನಮ್ಮಲ್ಲಿ ಹಲವರು ಹಾಲಿನ ತೊಟ್ಟೆ, ಪ್ಲಾಸ್ಟಿಕ್ ಚೀಲಗಳನ್ನು ಬಚ್ಚಲೊಲೆಗೆ ತುರುಕುವುದುಂಟು. ಯುರೋಪಿನ ಸ್ಥಾವರಗಳು 850 ಡಿಗ್ರಿಗೂ ಮೇಲಿನ ಕಾವಿನಲ್ಲಿ ಸುಟ್ಟು, ಹೊಗೆಯನ್ನು ಸೋಸಿಯೇ ಹೊರಬಿಡುತ್ತವೆ. ನಮ್ಮ ಬಚ್ಚಲೊಲೆಗೆ ಆ ಕಾವೂ ಇಲ್ಲ, ಸೋಸುವ ಸಾಧನವೂ ಇಲ್ಲ. ಆ ವಿಷದ ಹೊಗೆಯನ್ನು ಕುಡಿಯುವವರು ಒಲೆಯ ಮುಂದೆ ಕುಳಿತ ಅಜ್ಜಿಯೂ ಮೊಮ್ಮಗುವೂ. ಕಾಸರಗೋಡಿನ ನಮ್ಮ ಮನೆಬಾಗಿಲಿಗೇ ಹರಿತ ಕರ್ಮಸೇನೆಯ ಹೆಂಗಳೆಯರು ಬರುವಾಗ, ಆ ತೊಟ್ಟೆಯನ್ನು ತೊಳೆದು ಒಣಗಿಸಿ ಅವರ ಕೈಗಿಡುವುದು ಕಷ್ಟದ ಕೆಲಸವೇನಲ್ಲ.