ಕಾಯಿಲ್ ಕೈಕೊಟ್ಟರೆ ಶಿವಾಜಿನಗರವೇ ಗತಿಯೇ?

ಮಳೆ ಬಂದ ಮರುದಿನ ದಂಡು ಪ್ರದೇಶದ ಕಡೆ ಒಂದು ಸುತ್ತು ಹೊಡೆದರೆ ಸಾಕು. ಹಲಸೂರು ಕೆರೆಯ ಪಕ್ಕ ಒಂದು ಕಾರು ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಇನ್ನೊಂದು. ಕೆ.ಆರ್. ಪುರದ ತೂಗು ಸೇತುವೆ ಹತ್ತುವಾಗ ಮೂರನೆಯದು ಕೆಮ್ಮುತ್ತಾ, ಜಗ್ಗುತ್ತಾ, ಹಿಂದಿನವರ ಹಾರನ್ ಏಟು ತಿನ್ನುತ್ತಾ ತೆವಳುತ್ತಿರುತ್ತದೆ. ಸ್ಟೀರಿಂಗ್ ಹಿಡಿದವರ ಬಾಯಲ್ಲಿ ಒಂದೇ ಮಾತು: ‘ನೆನ್ನೆ ತನಕ ಚೆನ್ನಾಗಿತ್ತಲ್ಲ, ಇವತ್ತೇನ್ ಬಂತು ಇದಕ್ಕೆ?’

ಬಂದಿರುವುದು ಬಹಳ ಸಲ ದೊಡ್ಡ ರೋಗವಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಇಗ್ನಿಷನ್ ಕಾಯಿಲ್ ಒಂದು ಸತ್ತಿರುತ್ತದೆ. ಗಾಡಿ ‘ಮಿಸ್ಸಿಂಗ್’ ಹೊಡೆಯುತ್ತದೆ, ಪಿಕಪ್ ಇರುವುದಿಲ್ಲ, ಮುಂದಿನ ಫಲಕದಲ್ಲಿ ಹಳದಿ ದೀಪ ಮಿಣುಕುತ್ತದೆ.

ಕಾರಿನವರ ಮುಂದೆ ಆಗ ಮೂರು ದಾರಿ. ಕಂಪನಿಯ ಸರ್ವೀಸ್ ಸ್ಟೇಷನ್ ಬಾಗಿಲು ತಟ್ಟುವುದು, ಶಿವಾಜಿನಗರಕ್ಕೆ ಹೋಗಿ ಮಾಲು ತಂದು ಬೀದಿಯ ಮೆಕ್ಯಾನಿಕ್ ಕೈಗೆ ಕೊಡುವುದು, ಇಲ್ಲವೇ ಭಾನುವಾರ ಬೆಳಿಗ್ಗೆ ತೋಳು ಮಡಚಿ ತಾವೇ ಕೂರುವುದು. ಮೂರರಲ್ಲೂ ದುಡ್ಡು ಉಂಟು, ಮೂರರಲ್ಲೂ ಮೋಸ ಹೋಗುವ ಅವಕಾಶವೂ ಉಂಟು.

ಹನ್ನೆರಡು ವೋಲ್ಟಿನಿಂದ ಇಪ್ಪತ್ತು ಸಾವಿರಕ್ಕೆ

ಕಾಯಿಲ್ ಎಂದರೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್.ನಲ್ಲಿ ದುಡಿದ ಹಳಬರಿಗೆ ಇದನ್ನು ವಿವರಿಸಬೇಕಿಲ್ಲ. ಅವರು ಆಳೆತ್ತರದವನ್ನೇ ಕಟ್ಟಿದವರು. ಒಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಜೊತೆಗೆ ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಬ್ಯಾಟರಿಯ 12 ವೋಲ್ಟ್ ದಪ್ಪ ತಂತಿಯಲ್ಲಿ ಹರಿದು ಥಟ್ಟನೆ ನಿಂತಾಗ ಸಣ್ಣ ತಂತಿಯಲ್ಲಿ 20 ಸಾವಿರ ವೋಲ್ಟಿಗೂ ಮೇಲೆ ಜಿಗಿಯುತ್ತದೆ. ಆ ಜಿಗಿತವೇ ಪ್ಲಗ್ಗಿನ ತುದಿಯ ಕಿಡಿ. ಕಿಡಿ ಇಲ್ಲದಿದ್ದರೆ ಪೆಟ್ರೋಲ್ ಉರಿಯುವುದಿಲ್ಲ.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಏರ್ಪಾಡು 1910ರಲ್ಲೇ ಕ್ಯಾಡಿಲ್ಯಾಕ್ ಕಾರಿಗೆ ಬಂತು. ತತ್ವ ಇಂದಿಗೂ ಅದೇ. ಬದಲಾಗಿರುವುದು ಲೆಕ್ಕ. ಅಂಬಾಸಿಡರ್, ಪದ್ಮಿನಿಗಳಲ್ಲಿ ಇಡೀ ಎಂಜಿನ್ನಿಗೆ ಒಂದೇ ಕಾಯಿಲ್. ಡಿಸ್ಟ್ರಿಬ್ಯೂಟರ್ ಎಂಬ ಹಂಚಿಕೆದಾರ ನಾಲ್ಕೂ ಪ್ಲಗ್ಗಿಗೆ ಸರದಿಯಂತೆ ಕಿಡಿ ಬಡಿಸುತ್ತಿದ್ದ. ಪಾಯಿಂಟ್ ಉಜ್ಜಿ, ಕಂಡೆನ್ಸರ್ ಬದಲಿಸಿದರೆ ಗಾಡಿ ಎದ್ದು ಕೂರುತ್ತಿತ್ತು. ಈಗಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಹಂಚಿಕೆದಾರನ ಕೆಲಸ ಹೋಗಿದೆ. ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿದೆ, ಕಂಪ್ಯೂಟರ್ ಅಪ್ಪಣೆ ಕೊಡುತ್ತದೆ. ಡೀಸೆಲ್ ಕಾರಿನವರಿಗೆ ಈ ತಲೆನೋವೇ ಇಲ್ಲ. ಅದರಲ್ಲಿ ಕಿಡಿಯೂ ಇಲ್ಲ, ಕಾಯಿಲ್ಲೂ ಇಲ್ಲ. ಸಿ.ಎನ್.ಜಿ. ಹಾಕಿಸಿಕೊಂಡವರಿಗೆ ಮಾತ್ರ ಹೆಚ್ಚು: ಆ ಅನಿಲ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಜೋರಾದ ಕಿಡಿ ಬೇಕು, ಆ ಭಾರ ಬೀಳುವುದು ಕಾಯಿಲ್ ಮೇಲೆಯೇ.

ಸತ್ತದ್ದು ಯಾರು, ಕೊಂದದ್ದು ಯಾರು?

ಕಾಯಿಲ್ ತಾನಾಗಿ ಸಾಯುವುದು ಕಡಿಮೆ, ಅದನ್ನು ಕೊಲ್ಲುವವರೇ ಹೆಚ್ಚು. ಮೊದಲನೇ ಆರೋಪಿ ಸವೆದ ಪ್ಲಗ್ಗು. ಪ್ಲಗ್ಗಿನ ತುದಿಯ ಸಂದು ಅಗಲವಾದಷ್ಟೂ ಕಿಡಿ ಹಾರಿಸಲು ಕಾಯಿಲ್ ಹೆಚ್ಚು ವೋಲ್ಟೇಜ್ ಕಕ್ಕಬೇಕು. ಕಕ್ಕಿ ಕಕ್ಕಿ ಒಳಗಿನ ನಿರೋಧಕ ಹೊದಿಕೆ ಸುಟ್ಟುಹೋಗುತ್ತದೆ. ಎರಡನೆಯದು ಟ್ಯಾಪೆಟ್ ಕವರ್ ಪ್ಯಾಕಿಂಗ್. ಅದು ಗಟ್ಟಿಯಾಗಿ ಬಿರಿದರೆ ಎಣ್ಣೆ ಪ್ಲಗ್ ಕುಳಿಗೆ ಇಳಿದು ಕಾಯಿಲ್ಲಿನ ರಬ್ಬರ್ ಬೂಟನ್ನು ಕೊಳೆಸುತ್ತದೆ. ಮೂರನೆಯದು ನೀರು.

ನೀರಿನ ಮಾತು ಬೆಂಗಳೂರಿನ ಪೂರ್ವಕ್ಕೆ ಹೇಳಿಕೊಡಬೇಕೇ? 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಚೀಚೆ ಕಾರುಗಳು ತೇಲಿದ್ದು ದೇಶವೇ ನೋಡಿತು. 2025ರ ಮೇ ತಿಂಗಳ ಮಳೆಯಲ್ಲಿ ಹೊರಮಾವಿನ ಸಾಯಿ ಲೇಔಟ್ ಮತ್ತೆ ಕೆರೆಯಾಯಿತು. ಅಂಥ ನೀರಿನಲ್ಲಿ ನುಗ್ಗಿಸಿದ ಗಾಡಿಯ ಪ್ಲಗ್ ಕುಳಿಯಲ್ಲಿ ತೇವ ನಿಂತರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಹಾರುತ್ತದೆ.

ಆದ್ದರಿಂದ ‘ಕಾಯಿಲ್ ಹೋಗಿದೆ ಸಾರ್, ಹೊಸದು ಹಾಕೋಣ’ ಎನ್ನುವುದು ಅರ್ಧ ಚಿಕಿತ್ಸೆ. ಹೊಸ ಕಾಯಿಲ್ ತಂದು ಹಳೇ ಪ್ಲಗ್ಗಿನ ತಲೆಗೆ ಕಟ್ಟಿದರೆ ಅದೂ ಬೇಗನೆ ಅದೇ ದಾರಿ ಹಿಡಿಯುತ್ತದೆ. ಆಮೇಲೆ ಅಂಗಡಿಯವರನ್ನು ಬೈದು ಏನು ಫಲ?

ಹಳದಿ ದೀಪ ಮಿಣುಕುತ್ತಿದ್ದರೂ ‘ಓಡತ್ತಲ್ಲ, ಬಿಡಿ’ ಎಂದು ಓಡಿಸುವವರು ಇನ್ನೂ ದೊಡ್ಡ ಬೆಲೆ ತೆರುತ್ತಾರೆ. ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ, ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಕರಗಿಸಿಬಿಡುತ್ತದೆ. ಕಾಯಿಲ್ಲಿನ ಹತ್ತಾರು ಪಟ್ಟು ಬೆಲೆಯ ವಸ್ತು ಅದು.

ಮನೆಯಲ್ಲೇ ಆಗುವ ಕೆಲಸವೇ?

ಆಗುತ್ತದೆ. ಎಚ್.ಎ.ಎಲ್., ಐ.ಟಿ.ಐ.ಗಳಲ್ಲಿ ಸ್ಪ್ಯಾನರ್ ಹಿಡಿದ ಕೈಗಳಿರುವ ಈ ಭಾಗದಲ್ಲಿ ಇದು ಹೆದರುವ ಕೆಲಸವೇನಲ್ಲ. ಸಾಮಾನ್ಯ ನಾಲ್ಕು ಸಿಲಿಂಡರ್ ಕಾರಿಗೆ ಅರ್ಧ ಗಂಟೆ ಸಾಕು. ಆದರೆ ಕ್ರಮ ತಪ್ಪಬಾರದು.

ಎಂಜಿನ್ ಪೂರಾ ತಣ್ಣಗಾಗಿರಬೇಕು. ಕೀಲಿ ತೆಗೆದು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಕನೆಕ್ಟರಿನ ಪ್ಲಾಸ್ಟಿಕ್ ಕೊಂಡಿಯನ್ನು ಒತ್ತಿ ಬಿಡಿಸಬೇಕೇ ಹೊರತು ತಂತಿ ಹಿಡಿದು ಎಳೆಯಬಾರದು. ಬಿಸಿಗೆ ಕಾದ ಪ್ಲಾಸ್ಟಿಕ್ ಪಟ್ಟೆಂದು ಮುರಿಯುತ್ತದೆ. ಬೋಲ್ಟು ಬಹಳ ಗಾಡಿಗಳಲ್ಲಿ ಹತ್ತರ ಸ್ಪ್ಯಾನರಿನದು. ಕಾಯಿಲ್ಲನ್ನು ಕೊಂಚ ತಿರುಗಿಸಿ ನೇರವಾಗಿ ಮೇಲೆತ್ತಬೇಕು. ಕುಳಿಯೊಳಗೆ ಟಾರ್ಚ್ ಬಿಟ್ಟು ನೋಡಬೇಕು. ಎಣ್ಣೆ ಕಂಡರೆ ಮೊದಲು ಪ್ಯಾಕಿಂಗ್, ನೀರು ಕಂಡರೆ ಮೊದಲು ಒಣಗಿಸುವುದು. ಪ್ಲಗ್ ಬಿಚ್ಚುವ ಮುನ್ನ ಕುಳಿಯ ಧೂಳು ಊದಿ ತೆಗೆಯದಿದ್ದರೆ ಅದು ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ. ಹೊಸ ಪ್ಲಗ್ಗನ್ನು ಮೊದಲು ಬೆರಳಿನಲ್ಲೇ ತಿರುಗಿಸಿ ಕೂರಿಸಬೇಕು. ಸ್ಪ್ಯಾನರಿನ ಬಲದಲ್ಲಿ ಅಡ್ಡ ಮರೆ ಹತ್ತಿಸಿದರೆ ಅಲ್ಯೂಮಿನಿಯಂ ಹೆಡ್ಡೇ ಹಾಳು.

ಯಾವ ಕಾಯಿಲ್ ಸತ್ತಿದೆ ಎಂದು ತಿಳಿಯಲೂ ಉಪಾಯವಿದೆ. ಸ್ಕ್ಯಾನರ್ ಹಾಕಿದಾಗ ಪಿ 0301 ಎಂದು ಬಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದರ್ಥ. ಒಂದರ ಕಾಯಿಲ್ಲನ್ನು ಮೂರಕ್ಕೂ, ಮೂರರದ್ದನ್ನು ಒಂದಕ್ಕೂ ಅದಲು ಬದಲು ಮಾಡಿ, ಕೋಡ್ ಅಳಿಸಿ, ಗಾಡಿ ಓಡಿಸಿ ಮತ್ತೆ ನೋಡಬೇಕು. ಈಗ ಪಿ 0303 ಬಂದರೆ ಕಾಯಿಲ್ಲೇ ಕಳ್ಳ. ಒಂದರಲ್ಲೇ ನಿಂತರೆ ಪ್ಲಗ್ಗು, ಇಂಜೆಕ್ಟರು ಅಥವಾ ವೈರಿಂಗ್ ನೋಡಬೇಕು. ಈ ಒಂದು ಪರೀಕ್ಷೆ ಮಾಡದೆ ‘ನಾಲ್ಕೂ ಹೋಗಿದೆ’ ಎಂದು ಬಿಲ್ ಬರೆಯುವವರಿಗೆ ಕಮ್ಮಿಯೇನಿಲ್ಲ.

ಒಂದೇ ಒಂದು ಕೆಲಸ ಮಾಡಬಾರದು. ಹಳೇ ಕಾಲದ ಮೆಕ್ಯಾನಿಕ್ಕುಗಳಂತೆ ಓಡುವ ಎಂಜಿನ್ನಿನಲ್ಲಿ ವೈರ್ ಎಳೆದು ಕಿಡಿ ನೋಡುವ ಶೌರ್ಯ. ಕೈಗೂ ಅಪಾಯ, ಗಾಡಿಯ ಕಂಪ್ಯೂಟರಿಗೂ ಅಪಾಯ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರ ಸುಳಿಯದಿರುವುದೇ ಕ್ಷೇಮ.

ಡಬ್ಬದ ಮೇಲಿನ ಹೆಸರು, ಡಬ್ಬದ ಒಳಗಿನ ಮಾಲು

ನಿಜವಾದ ಪರೀಕ್ಷೆ ಇರುವುದು ಅಂಗಡಿಯ ಕಟ್ಟೆಯ ಮುಂದೆ. ಹೊಸ ಮಾಲಿಗೆ ಜೆ.ಸಿ. ರಸ್ತೆ, ಗುಜರಿಗೆ ಶಿವಾಜಿನಗರ ಎಂಬುದು ಹಳೆಯ ರೂಢಿ.

‘ಭಾಯ್, ಕಾಯಿಲ್ ಬೇಕಾಗಿತ್ತು.’

‘ಯಾವುದು ಕೊಡ್ಲಿ ಸಾರ್? ಒರಿಜಿನಲ್ಲಾ, ಕಂಪನಿ ಮಾಲಾ, ಲೋಕಲ್ಲಾ, ಸೆಕೆಂಡ್ಸಾ?’

ಗಿರಾಕಿ ತಬ್ಬಿಬ್ಬು. ಒಂದೊಂದಾಗಿ ಬಿಡಿಸಿದರೆ ಗೊತ್ತಾಗುತ್ತದೆ. ಕಾರು ಕಂಪನಿಯ ಹೆಸರಿನ ಡಬ್ಬದಲ್ಲಿ ಬರುವುದು ಒರಿಜಿನಲ್. ಆದರೆ ಕಾಯಿಲ್ಲನ್ನು ಕಾರು ಕಂಪನಿಗಳು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಬಿಡಿಭಾಗದ ದೊಡ್ಡ ಕಂಪನಿಗಳಿಂದ ಕೊಳ್ಳುತ್ತವೆ. ಅದೇ ತಯಾರಕರು ತಮ್ಮದೇ ಡಬ್ಬದಲ್ಲಿ ಮಾರುವುದು ಕಂಪನಿ ಮಾಲು. ಬಹಳ ಸಲ ಗುಣ ಅದೇ, ಬೆಲೆ ಮಾತ್ರ ಕಡಿಮೆ. ಬುದ್ಧಿವಂತರ ಆಯ್ಕೆ ಇದು. ಲೋಕಲ್ ಎಂದರೆ ಬೇರೆಯವರು ತಮ್ಮ ಹೆಸರಿನಲ್ಲೇ ಮಾಡಿದ್ದು. ಅದು ಅಪರಾಧವಲ್ಲ, ಗುಣ ಮಾತ್ರ ಅದೃಷ್ಟ. ಅಪರಾಧ ಇರುವುದು ಡೂಪ್ಲಿಕೇಟಿನಲ್ಲಿ: ಬೇರೆಯವರ ಹೆಸರು, ಹೊಲೋಗ್ರಾಮ್ ಎಲ್ಲ ಕದ್ದು ಒಳಗೆ ಕಸ ತುಂಬಿದ್ದು.

ಒಂದು ಕಾಲಕ್ಕೆ ಈ ಊರಿನಲ್ಲಿ ಪ್ಲಗ್ ಎಂದರೆ ಮೈಕೋ. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಹಳಬರ ಬಾಯಲ್ಲಿ ಇನ್ನೂ ಮೈಕೋನೇ. ಹೆಸರಿಗೆ ಅಂಥ ಬೆಲೆ ಇರುವುದರಿಂದಲೇ ಹೆಸರಿನ ಕಳ್ಳತನಕ್ಕೆ ಲಾಭ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಇದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಎಂದಿದೆ. ಕಾಯ್ದೆ ಪುಸ್ತಕದಲ್ಲಿದೆ, ಡೂಪ್ಲಿಕೇಟ್ ಕಟ್ಟೆಯ ಮೇಲಿದೆ.

ಕಂಡುಹಿಡಿಯುವುದು ಹೇಗೆ? ಹಳೇ ಕಾಯಿಲ್ಲನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಅದರ ಮೈಮೇಲಿನ ಪಾರ್ಟ್ ನಂಬರ್ ಹೊಸದಕ್ಕೆ ಹೊಂದಬೇಕು, ಅಥವಾ ಷಾಸಿ ನಂಬರ್ ಕೊಟ್ಟು ಸರಿಯಾದ ನಂಬರ್ ತೆಗೆಸಬೇಕು. ಡಬ್ಬದ ಮೇಲೆ ತಯಾರಕರ ಹೆಸರು–ವಿಳಾಸ, ತಿಂಗಳು–ವರ್ಷ, ಗರಿಷ್ಠ ಬೆಲೆ ಇರಬೇಕು. ಅಕ್ಷರ ತಪ್ಪಿದ್ದರೆ, ಮಸಿ ಹರಡಿದ್ದರೆ ಅಲ್ಲೇ ಇಟ್ಟು ಬರಬೇಕು. ಕೈಯಲ್ಲಿ ತೂಗಿ ನೋಡಿ: ತಾಮ್ರ ಕದ್ದ ಕಾಯಿಲ್ ಹಗುರ. ಕನೆಕ್ಟರ್ ಲೊಡಲೊಡ ಎಂದರೆ ಬೇಡ. ಕಂಪನಿ ಬೆಲೆಯ ಕಾಲುಭಾಗಕ್ಕೆ ‘ಒರಿಜಿನಲ್’ ಕೊಡುತ್ತೇನೆ ಎಂದರೆ ಅದು ಒರಿಜಿನಲ್ ಅಲ್ಲ, ಅಷ್ಟೆ.

ಗುಜರಿಯ ಮಾತು ಬೇರೆ

ಶಿವಾಜಿನಗರದ ಗುಜರಿಯನ್ನು ಬೈಯುವುದು ಸುಲಭ. ಆದರೆ ಕಂಪನಿಯೇ ಮರೆತ ಹಳೇ ಗಾಡಿಗೆ ಬಾಗಿಲ ಹಿಡಿಯಿಂದ ಗೇರ್ ಪೆಟ್ಟಿಗೆಯ ತನಕ ಹುಡುಕಿಕೊಟ್ಟು ಎಷ್ಟೋ ಟ್ಯಾಕ್ಸಿಯವರ ಹೊಟ್ಟೆಪಾಡು ಉಳಿಸಿದ ಬೀದಿಗಳು ಅವು. ಬಾಗಿಲು, ಬಂಪರ್, ದೀಪ, ಕನ್ನಡಿ ಅಲ್ಲಿ ಕೊಳ್ಳಬಹುದು. ಕಣ್ಣಿಗೆ ಕಾಣುವ ವಸ್ತು. ಕಾಯಿಲ್ ಹಾಗಲ್ಲ. ಅದರ ಒಳಗಿನ ಬಿರುಕು ಕಾಣದು, ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಯಾದಾಗ ಕೈಕೊಡುವುದು ಅದರ ಗುಣ. ಕಾಯಿಲ್, ಬ್ರೇಕ್ ಪ್ಯಾಡ್, ರಬ್ಬರ್ ಸಾಮಾನು: ಈ ಮೂರನ್ನು ಗುಜರಿಯಲ್ಲಿ ಕೊಳ್ಳಬಾರದು.

ಇನ್ನೊಂದು ಎಚ್ಚರ. ಯಾವ ಊರಿನ ಗುಜರಿಯಲ್ಲಾದರೂ ಕದ್ದ ಗಾಡಿಯ ಮಾಲು ಸೇರಿಕೊಳ್ಳಬಹುದು. ಕಳವಿನದು ಎಂದು ಗೊತ್ತಿದ್ದೂ, ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ 3 ವರ್ಷದವರೆಗೆ ಜೈಲು. ಬಿಲ್ ಕೊಡದ ಅಗ್ಗದ ಮಾಲು ಯಾವಾಗ ದುಬಾರಿಯಾಗುತ್ತದೋ ಹೇಳಲಾಗದು.

ಜನ ಗಲ್ಲಿಗೆ ಹೋಗುವುದೇಕೆ?

ಡೂಪ್ಲಿಕೇಟ್ ಮಾರುವವರನ್ನು ಮಾತ್ರ ಬೈದರೆ ಕತೆ ಅರ್ಧವಾಯಿತು. ಒರಿಜಿನಲ್ ಮಾಲನ್ನು ಬೇಲಿ ಹಾಕಿ ಕೂಡಿಟ್ಟವರು ಯಾರು? 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಆರೋಪ ಇಷ್ಟೇ: ಬಿಡಿಭಾಗ, ರಿಪೇರಿ ಪುಸ್ತಕ, ರೋಗ ಪತ್ತೆ ಮಾಡುವ ಯಂತ್ರ ಯಾವುದನ್ನೂ ಹೊರಗಿನ ಮೆಕ್ಯಾನಿಕ್ಕಿಗೆ ಸಿಗದಂತೆ ಮಾಡಿ ಬೆಲೆ ಏರಿಸಿಕೊಂಡಿದ್ದಾರೆ ಎಂದು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಬಾರದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಗೆ ಮಾತ್ರ ರದ್ದು ಎಂದೂ ಆದೇಶ ಹೇಳಿತು. ಕಂಪನಿಗಳು ಮೇಲಿನ ಕಟ್ಟೆಗಳನ್ನು ಹತ್ತಿದವು, ದಂಡದ ಜಗಳ ವರ್ಷಗಟ್ಟಲೆ ಎಳೆಯಿತು. ಕೇಂದ್ರ ಸರಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಎಂದು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ವಾಹನವೂ ಅದರಲ್ಲಿ ಸೇರಿದೆ.

ಇದು ಹಲಸೂರಿನ ಸಂದಿಯಲ್ಲಿ ಒಂದು ಜಾಕು, ಎರಡು ಹುಡುಗರನ್ನು ಇಟ್ಟುಕೊಂಡ ಮೆಕ್ಯಾನಿಕ್ಕಿನ ಅನ್ನದ ಪ್ರಶ್ನೆ. ಅವನಿಗೆ ಒಳ್ಳೆಯ ಮಾಲೂ ಸ್ಕ್ಯಾನರೂ ನ್ಯಾಯದ ಬೆಲೆಗೆ ಸಿಕ್ಕರೆ ಅವನೇಕೆ ಡೂಪ್ಲಿಕೇಟ್ ಹಾಕುತ್ತಾನೆ? ಸಿಗದಿದ್ದಾಗ ಗಿರಾಕಿ ಉಳಿಸಿಕೊಳ್ಳಲು ಕಡಿಮೆ ಬೆಲೆಯದ್ದೇ ಹಾಕುತ್ತಾನೆ. ಅದು ಹೋದರೆ ಹೆಸರು ಕೆಡುವುದು ಅವನದ್ದು.

ಬಿಲ್ಲೇ ಬಲ

ಗಿರಾಕಿಯ ಕೈಯಲ್ಲಿರುವ ಅಸ್ತ್ರ ಒಂದೇ, ಬಿಲ್ಲು. ‘ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ’ ಎಂಬ ಫಲಕ ಅಂಗಡಿ ಅಂಗಡಿಯಲ್ಲೂ ತೂಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆಯೇ ಮಾತು ಹೇಳುತ್ತದೆ: ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ, ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದೂ ಅನುಚಿತ ವ್ಯಾಪಾರ. ದೂರಿಗೆ 1915 ಸಹಾಯವಾಣಿ ಇದೆ. 5 ಲಕ್ಷದವರೆಗಿನ ಮಾಲಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ.

‘ಬಿಲ್ ಬೇಕಾದ್ರೆ ಟ್ಯಾಕ್ಸ್ ಆಗತ್ತೆ ಸಾರ್’ ಎಂಬ ಹಳೇ ಬೆದರಿಕೆಗೂ ಈಗ ಹಲ್ಲು ಉದುರಿದೆ. 28ರಷ್ಟಿದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಶೇಕಡಾ 18ಕ್ಕೆ ಇಳಿದಿದೆ. ಆ ಹದಿನೆಂಟನ್ನು ಉಳಿಸಲು ಹೋಗಿ ಬಿಲ್ ಬಿಟ್ಟವರು, ಕಾಯಿಲ್ ಮತ್ತೆ ಸತ್ತ ದಿನ ನೂರಕ್ಕೆ ನೂರನ್ನೂ ಕಳೆದುಕೊಳ್ಳುತ್ತಾರೆ.

ಮುಂದಿನ ಮಳೆಗೆ ಮುಂಚೆ ಪ್ಲಗ್ ಬದಲಿಸಿ, ಪ್ಯಾಕಿಂಗ್ ನೋಡಿಸಿದವರು ತೂಗು ಸೇತುವೆಯನ್ನು ಸಲೀಸಾಗಿ ದಾಟುತ್ತಾರೆ. ಉಳಿದವರಿಗೆ ಬಾನೆಟ್ ಎತ್ತಿ ನಿಲ್ಲಲು ಹಲಸೂರು ಕೆರೆಯ ಪಕ್ಕ ಜಾಗ ಇದ್ದೇ ಇದೆ.